ಗೀಟು

ಮುದಗಾ ಬಂದರಿನಲ್ಲಿ ತೊರಕೆ ಮುಳ್ಳು ಚುಚ್ಚಿ ಐದು ದಿನ.

ಮೊದಲೆರಡು ದಿನ ಬಟ್ಟೆಗೆ ಹತ್ತಿದ್ದು
ಗಂಜಿತಿಳಿಯಂಥ ನೀರು, ಅಂಚಿಗೆ ಚೂರು ಕೆಂಪು.
'ಹೆದರಬೇಡ, ಗಾಯ ತನ್ನನ್ನೇ ತೊಳೆದುಕೊಳ್ತಿದೆ'
ಎಂದಿದ್ದಳು ನರ್ಸ್ ಸುಲೋಚನಾ,
ಬಾತ ಕೆಂಪಿನ ಸುತ್ತ ಪೆನ್ನಿನ ಗೀಟೆಳೆದು:
'ಇದನ್ನು ದಾಟಿದರೆ ತಡ ಮಾಡಬೇಡ.'

ಇಂದು ರಾತ್ರಿ ಪಟ್ಟಿ ಬಿಚ್ಚಿದೆ.
ಮಂದ, ಹಳದಿಯೋ ಹಸಿರೋ.
ಮತ್ತೆ, ವಾಸನೆ.
ಬರ್ಫದಡಿ ಬಚ್ಚಿಟ್ಟ ಮೊನ್ನೆಯ ಬಂಗಡೆಯನ್ನು
ಮಾರು ದೂರದಿಂದ ಹಿಡಿಯುವ ನನ್ನ ಮೂಗು
ಗಂಡನ ಕಾಲ ಬಳಿ ಸುಳ್ಳಾಗಲೆಂದು ಬೇಡಿಕೊಂಡೆ.

'ಏನಿಲ್ಲ, ಅರಿಶಿನ ಹಚ್ಚು' ಅಂದ ಜಟ್ಟಿ,
ಎರಡು ಕಂಬಳಿಯೊಳಗೆ ನಡುಗುತ್ತ.

ಟಾರ್ಚು ಹಿಡಿದೆ.
ಗೀಟಿನಿಂದ ಎರಡು ಬೆರಳು ಮೇಲಿತ್ತು ಕೆಂಪು,
ಮಲಗಿದಾಗ ಏರಿದ ಉಬ್ಬರ.

ಈಗ ಕಾರವಾರದ ದಾರಿ, ಪುಂಡಲೀಕನ ಮೀನಿನ ಟೆಂಪೊ.
ಕಾದ ಕಾಲು ನನ್ನ ತೊಡೆಯ ಮೇಲೆ.
ಕೆಂಪಿನ ಅಂಚಿಗೆ ಬೆರಳಿಟ್ಟು ಕೂತಿದ್ದೇನೆ,
ತಡೆಯಬಲ್ಲೆನೇನೋ ಎಂಬಂತೆ.