ಹನ್ನೆರಡನೇ ತಾರೀಖಿನ ವಾರ

ಕಳೆದ ವಾರ, ಅಂದರೆ ಹನ್ನೆರಡನೇ ತಾರೀಖು ಬಿದ್ದ ವಾರ,
ಸಂಬಳಕ್ಕೆ ಅಥವಾ ಲಾಭಕ್ಕೆ
ಒಂದು ಗಂಟೆಯಾದರೂ ಕೆಲಸ ಮಾಡಿದಿರಾ?

ಇಷ್ಟು ಕೇಳಲು ನಾನು
ಎಂಬತ್ತು ಮೈಲಿ ಕಾರು ಓಡಿಸಿಕೊಂಡು ಬರುತ್ತೇನೆ
ಮೇನ್ ರಾಜ್ಯದ ಮೂಡಣ ತುದಿಗೆ,
ಡಾಂಬರು ಸೋತು ಜಲ್ಲಿಯಾಗಿ
ಜಲ್ಲಿ ಸೋತು ಕೆಸರಾಗುವಲ್ಲಿಗೆ.
ಪ್ರಶ್ನೆಯ ಒಂದು ಪದವನ್ನೂ ಬದಲಿಸುವಂತಿಲ್ಲ.
ಮೂರು ದಿನ ತರಬೇತಿ ಕೊಟ್ಟಿದ್ದಾರೆ, ಬದಲಿಸದೆ ಇರುವುದಕ್ಕೆ.

ಡೆಲ್ಮಂಟ್ ಫಿಕೆಟ್ ಬಾಗಿಲಲ್ಲೇ ನಿಂತು
ಗೋಡೆಯ ಮೇಲಿನ ಭರತ-ಇಳಿತದ ಪಟ್ಟಿ ನೋಡುತ್ತಾನೆ,
ನಾವು ಪಂಚಾಂಗ ನೋಡಿದ ಹಾಗೆ.
'ಗಂಟೆ ಗೊತ್ತಿಲ್ಲ. ನೀರಿಳಿದಾಗ ಹೋದೆ,
ನೀರು ಅಟ್ಟಿದಾಗ ಬಂದೆ.'
ಹುಳ ಅಗೆಯುವವನು. ನೆತ್ತರ ಬಣ್ಣದ ಹುಳ,
ಎಲ್ಲೋ ಶೋಕಿಗೆ ಗಾಳ ಹಾಕುವವರಿಗಾಗಿ,
ಒಂದಕ್ಕೆ ಇಷ್ಟು ಸೆಂಟ್ ಎಂದು ಎಣಿಸಿ.
ಮೊಣಕಾಲು ಮುಳುಗುವ ರಾಡಿ, ಕುಡುಗೋಲಿನಂತೆ ಬಗ್ಗಿದ ಬೆನ್ನು.
ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವಲ್ಲ,
ನನ್ನ ಲ್ಯಾಪ್‌ಟಾಪಿನಲ್ಲಿ ಕೆಸರಿಗೂ ಕಾಲಮ್ಮಿಲ್ಲ, ಮೊಸರಿಗೂ.
'ಐನೂರು ಸಿಗುತ್ತಿದ್ದ ಕಡೆ ಈಗ ಇನ್ನೂರು.
ಅದನ್ನೂ ಬರೆದುಕೋ.'
ಜಾಗವಿರಲಿಲ್ಲ. ಬರೆದವಳಂತೆ ತಲೆಯಾಡಿಸಿದೆ.

ಆರ್ಡಿತ್ ಆಲಿಗೆ ಎಪ್ಪತ್ತೆಂಟು.
ಸಾರ್ಡೀನ್ ಕಾರ್ಖಾನೆ ಮುಚ್ಚಿದ ಸಂಜೆ
ಏಪ್ರನ್ನಿನ ಜೇಬಲ್ಲೇ ಉಳಿದುಬಂದ ಕತ್ತರಿ,
ಮೀನಿನ ತಲೆ ಬಾಲ ಹಾರಿಸುತ್ತಿದ್ದದ್ದು,
ಈಗ ದಿನಸಿ ಕೂಪನ್ ಕತ್ತರಿಸುತ್ತದೆ.
ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿದಿರಾ?
'ಎಲ್ಲಿದೆ ಅಂತ ಗೊತ್ತಿರುವುದನ್ನು ಹುಡುಕುವುದೇನು ಮಗಳೇ?
ನವೆಂಬರಿನಲ್ಲಿ ಮೂರು ಸಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ
ಫರ್ ಮರದ ತುದಿ ಮುರಿದು
ಕ್ರಿಸ್‌ಮಸ್ ಹಾರಕ್ಕೆ ತಂತಿ ಸುತ್ತುತ್ತೇನೆ.'
ಇದು ಮೇ ತಿಂಗಳು. ನಿಯಮದ ಪ್ರಕಾರ ಆಕೆ
ದುಡಿಮೆಗಾರರ ಲೆಕ್ಕದ ಹೊರಗೆ.
'ಹೊರಗೆ' ಎಂಬ ಗುಂಡಿ ಒತ್ತುವಾಗ
ಆಕೆಯ ಅಡುಗೆಮನೆಯ ಒಳಗೆ ಕೂತು
ಆಕೆ ಕೊಟ್ಟ ಚಹಾ ಕುಡಿಯುತ್ತಿದ್ದೆ.

ಕಡಲಿಗೆ ಮುಖ ಮಾಡಿದ ಗಾಜಿನ ಮನೆಗಳಲ್ಲಿ ಯಾರಿಲ್ಲ.
ಜುಲೈಗೆ ಬರುತ್ತಾರೆ. 'ಖಾಲಿ' ಎಂದು ಬರೆದು ಮುಂದೆ ಹೋದೆ.

ಇರ್ಮಾ ಬರಾಹೋನಾ ಬ್ಲೂಬೆರಿ ಕೀಳಲು ಬಂದವಳು.
ಬಯಲಿಗೆ ಯಂತ್ರ ಬಂತು, ಇವಳು ಉಳಿದಳು.
ಹಗಲು ಏಡಿ ಬಿಡಿಸುವ ಶೆಡ್ಡು, ಸಂಜೆ ಮೋಟೆಲಿನ ಹಾಸಿಗೆ,
ಶನಿವಾರ ಯಾರದೋ ಅಜ್ಜನ ಆರೈಕೆ.
ಇವುಗಳಲ್ಲಿ ನಿಮ್ಮ ಮುಖ್ಯ ಕೆಲಸ ಯಾವುದು?
ಹತ್ತು ವರ್ಷದ ಮಗಳು ಅನುವಾದಿಸಲಿಲ್ಲ, ತಾನೇ ಹೇಳಿದಳು:
'ನಿದ್ದೆ ಮಾಡುವುದು. ಅದೇ ಅವಳಿಗೆ ಕಷ್ಟ.'
ಹದಿನೈದು ತುಂಬದವರ ಉತ್ತರ ನಡೆಯುವುದಿಲ್ಲ.

ನನ್ನಜ್ಜಿ ಗಂಗಾವಳಿ ಕಡಲು ಸೇರುವಲ್ಲಿ
ಸೊಂಟದ ತನಕ ನಿಂತು ಬಳಚು ಹೆಕ್ಕುತ್ತಿದ್ದಳು,
ಬುಟ್ಟಿ ತುಂಬಿದರೆ ಅಂಕೋಲೆಯ ಪೇಟೆಗೆ.
ಜನಗಣತಿಯ ಮಾಸ್ತರರು ಬಂದಾಗ
ಜಗಲಿಯಲ್ಲಿದ್ದ ಗಂಡಸರು 'ಮನೆಗೆಲಸ' ಎಂದು ಬರೆಸಿದರಂತೆ.
ಒಳಗಿಂದ ಆಕೆ ಕೆಮ್ಮಿದಳಂತೆ, ಅಷ್ಟೇ.
ಆ ಕೆಮ್ಮು ಯಾವ ಕಾಗದದಲ್ಲೂ ಇಲ್ಲ.

ವಾಪಸ್ ಬರುವಾಗ ರಸ್ತೆಯ ಮೇಲೆ ನೀರು ಏರಿತ್ತು.
ಕಾರು ನಿಲ್ಲಿಸಿ ಕಾದೆ, ಒಂದೂ ಮುಕ್ಕಾಲು ಗಂಟೆ.
ನನಗೂ ಗಂಟೆಯ ಲೆಕ್ಕದ ಕೂಲಿಯೇ,
ರಜೆಯಿಲ್ಲ, ವಿಮೆಯಿಲ್ಲ. ಕಾಯುವುದನ್ನು
ಬರೆಯಬೇಕೋ ಬೇಡವೋ ಇನ್ನೂ ಕೇಳಿಲ್ಲ.

ತಿಂಗಳ ಮೊದಲ ಶುಕ್ರವಾರ ರೇಡಿಯೋ ಹೇಳಿತು,
ನಿರುದ್ಯೋಗ ಇಳಿದಿದೆ ಎಂದು.
ಇಲ್ಲಿ ಇಳಿತವೆಂದರೆ
ಮುಂಜಾವ ನಾಲ್ಕಕ್ಕೆ ಎದ್ದು
ಕತ್ತಲಲ್ಲಿ ಬೂಟು ತಡಕುವುದು.