ತಪ್ಪು ಬಾಣ

ಮೂರು ಮೀಟಿಂಗ್ ಆದರೂ ಮಾತು ದಡ ಹತ್ತಲಿಲ್ಲ.
ನಾನು ಸರ್ವರ್ ಅಂದೆ,
ವಾಮನ ತಾಂಡೇಲರು ಬಾಗಿಲ ಕಡೆ ತಿರುಗಿ ಚಹ ಹೇಳಿದರು.
ಅವರು ರಾಂಪಣಿ ಅಂದರು,
ನಾನು ಕಂಪನಿ ಎಂದು ಬರೆದುಕೊಂಡೆ.
ಬೈತಖೋಲದ ಮೀನುಗಾರರ ಸಂಘಕ್ಕೆ
ಹರಾಜಿನ ಲೆಕ್ಕದ ತಂತ್ರಾಂಶ:
ವಿವರಣೆ ನಲವತ್ತೆರಡು ಪುಟ.
ಎಲ್ಲರೂ ಸಹಿ ಹಾಕಿದರು. ಓದಿದ್ದರೆ ಹಾಕುತ್ತಿರಲಿಲ್ಲ.

ಆ ರಾತ್ರಿ ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಇದ್ದದ್ದನ್ನೆಲ್ಲ ಯಂತ್ರದ ಬಾಯಿಗೆ ಸುರಿದೆ:
ಮಿನಿಟ್ಸು, ಮೊಬೈಲಿನಲ್ಲಿ ಹಿಡಿದ ಮಾತು, ಮಾತಿಗಿಂತ ಜೋರು ಗಾಳಿ,
ಒದ್ದೆ ರಸೀದಿಗಳ ಫೋಟೋ.
ಚಿತ್ರ ಮಾಡಿ ಕೊಡು ಅಂದೆ.
ಕಾಳಿ ಸೇತುವೆಯನ್ನು ಒಂದು ಲಾರಿ ದಾಟುವಷ್ಟರಲ್ಲಿ
ಬಂತು: ಚೌಕ, ಚೌಕ, ಬಾಣ,
ಹೌದೋ ಅಲ್ಲವೋ ಎಂದು ಕೇಳುವ ಒಂದು ಶಂಕರಪೋಳಿ,
ಕೆಳಗೆ ಒಂದು ಸಿಲಿಂಡರು.

ಗ್ರೀನ್ ಸ್ಟ್ರೀಟಿನಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿ
ಹರಾಜು ಕಟ್ಟೆಯ ಮೇಲೆ ಹಾಸಿದೆ.
ಹಾರದಂತೆ ಎರಡು ಮೂಲೆಗೆ ತೂಕದ ಕಲ್ಲು,
ಒಂದಕ್ಕೆ ಚಹದ ಗ್ಲಾಸು,
ಇನ್ನೊಂದಕ್ಕೆ ಯಾರದೋ ಮೊಬೈಲು; ಅದು ನಡುನಡುವೆ ನಡುಗುತ್ತಿತ್ತು.
‘ಈ ಡೀಸೆಲ್ ಪೀಪಾಯಿ ಯಾಕೆ?’
ಐಸ್ ಫ್ಯಾಕ್ಟರಿಯ ದಾಮುದಿ ಸಾಹೇಬರು.
ಡೇಟಾಬೇಸ್ ಎನ್ನಲು ಹೊರಟವಳು ತಡೆದುಕೊಂಡೆ.
‘ಲೆಕ್ಕ ತುಂಬಿಡುವ ಪೀಪಾಯಿ.’
‘ಕೀಲಿ ಯಾರ ಹತ್ತಿರ?’
ಮೂರು ತಿಂಗಳಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ
ನನ್ನ ಆಫೀಸಿನಲ್ಲೂ ಯಾರೂ ಕೇಳಿರಲಿಲ್ಲ.

ಆಗ ಚಂದ್ರಭಾಗಕ್ಕ,
ಮೂರೂ ಮೀಟಿಂಗಿನಲ್ಲಿ ಕೊನೆಯ ಕುರ್ಚಿಯಲ್ಲಿ
ಕೂತು ಎದ್ದು ಹೋದವಳು,
ಹುರುಪೆ ಅಂಟಿದ ಬೆರಳನ್ನು
ಬೋಟಿನಿಂದ ತೂಕಕ್ಕೆ ಹೊರಟ ಬಾಣದ ಮೇಲೆ ಒತ್ತಿದಳು.
‘ಇದು ಸುಳ್ಳು.’

ತೂಕಕ್ಕೆ ಮೊದಲು ಸಾರಿನ ಮೀನು ತೆಗೆಯಬೇಕು.
ಬಲೆ ಎಳೆದ ಕೈಗೊಂದು ಪಾಲು.
ಬೋಟು ತೊಳೆಯುವ ಹುಡುಗನಿಗೆ, ಸಣ್ಣದಾದರೂ ಸರಿ.
ಹೋದ ವರ್ಷ ದೇವಗಡದ ಆಚೆ ಹೋಗಿ
ಬಾರದವನ ಮನೆಗೂ.
‘ಮೊದಲೇ ಯಾಕೆ ಹೇಳಲಿಲ್ಲ?’
‘ದಿನಾ ಉಸಿರಾಡ್ತೇವೆ ಅಂತ
ಯಾರಾದರೂ ಬರೆಸ್ತಾರಾ, ಅಕ್ಕೋರೇ?’

ಯಂತ್ರಕ್ಕೆ ನಾಚಿಕೆಯಿಲ್ಲ.
ಗೊತ್ತಿಲ್ಲದ್ದನ್ನೂ ನೆಟ್ಟಗೆ ಗೀರಿಬಿಡುತ್ತದೆ.
ನಾನಾದರೆ ಅಲ್ಲಿ ಅನುಮಾನಿಸಿ ಖಾಲಿ ಬಿಡುತ್ತಿದ್ದೆ;
ಖಾಲಿ ಜಾಗಕ್ಕೆ ಯಾರೂ ಬೆರಳಿಡುವುದಿಲ್ಲ.
ನನ್ನ ಕೈಬರಹವಾಗಿದ್ದರೆ
ಅಕ್ಕೋರಿಗೆ ಬೇಜಾರಾದೀತೆಂದು ತಲೆಯಾಡಿಸುತ್ತಿದ್ದರು.
ಇದು ಯಾರದೂ ಅಲ್ಲ. ಬಯ್ಯಬಹುದು.

ಬಯ್ದರು.
ಐಸಿನ ದುಡ್ಡು ಮಳೆಗಾಲದ ಬಂದ್ ಮುಗಿದ ಮೇಲೆ, ಈಗಲ್ಲ.
ದಾಮುದಿ ಸಾಹೇಬರು ಕೆಂಪು ಪೆನ್ನು ಕೇಳಿದರು.
ತಾಂಡೇಲರಿಗೆ ಶಂಕರಪೋಳಿಯಲ್ಲಿ ಇನ್ನೊಂದು ದಾರಿ ಬೇಕಿತ್ತು:
ಹೌದು, ಅಲ್ಲ, ನಾಳೆ ನೋಡುವ.
ಹರಾಜು ಕೂಗುವ ಇನಾಸ್ ಒಂದು ಬಾಣವನ್ನು
ಉಗುರಿನಿಂದಲೇ ಕೆರೆದು ತೆಗೆದ.
ಹಾಳೆ ತೇವಕ್ಕೆ ಉಬ್ಬಿ, ಚೌಕಗಳ ಶಾಯಿ ಕದಡಿ
ಯಾವುದು ಮುದ್ರಣ ಯಾವುದು ಜಗಳ ತಿಳಿಯದಾಯಿತು.
ನಾನು ಬಾಯಿ ಮುಚ್ಚಿ ಬರೆದುಕೊಂಡೆ,
ಈ ಸಲ ರಾಂಪಣಿಯನ್ನು ರಾಂಪಣಿಯೆಂದೇ.

ಸಂಜೆ ಎರಡನೆಯ ಚಿತ್ರ.
ಸಾರಿನ ಮೀನಿಗೂ ಒಂದು ಚೌಕ ಸಿಕ್ಕಿತ್ತು.
ಬಾಣ ಬಾಗಿತ್ತು. ಎಲ್ಲ ಸರಿ.
ಚೌಕದೊಳಗಿನ ಹೆಸರು: ನಷ್ಟ.
ಚಂದ್ರಭಾಗಕ್ಕ ಅಕ್ಷರ ಕೂಡಿಸಿ ಓದಿದಳು.
ಏನೂ ಅನ್ನಲಿಲ್ಲ. ನನ್ನನ್ನು ನೋಡಿದಳು.
ಅಳಿಸಿ, ಪಾಲು ಎಂದು ಹೊಡೆದೆ.
ಆಡಿಟಿನವರು ಕೇಳಿದರೆ ಏನನ್ನುವುದೋ
ನನಗಿನ್ನೂ ಗೊತ್ತಿಲ್ಲ.

ಹೊರಡುವಾಗ ಅವಳು ನಾಲ್ಕು ಬಂಗುಡೆ ಕೊಟ್ಟಳು,
ವಿವರಣೆಯ ಹದಿನೇಳನೆಯ ಪುಟದಲ್ಲಿ ಸುತ್ತಿ.
‘ಇದನ್ನ ಎಲ್ಲಿ ಬರೀಲಿ?’ ಅಂದೆ.
‘ಬರೀಬೇಡಿ,’ ಅಂದಳು,
‘ಬೇಗ ಹೋಗಿ, ಕೆಡ್ತದೆ.’