ಮೊದಲು ಹೇಳಿದ್ದು ಯಾರು

ನಮ್ಮ ಮಾಲ್ದಾರೆ ಶಾಲೆಯ ಪ್ಲಾಸ್ಟಿಕ್ ಮನುಷ್ಯನಿಗೆ
ಪಿತ್ತಜನಕಾಂಗವಿಲ್ಲ.
ಯಾವ ವರ್ಷ ಕಳೆಯಿತೋ ದಾಸ್ತಾನು ಪುಸ್ತಕದಲ್ಲಿಲ್ಲ.
ಅಟೆಂಡರ್ ಸೈದಾಲಿಕ್ಕ ಸಿಲ್ವರ್ ಓಕಿನ ತುಂಡೊಂದನ್ನು ಕೆತ್ತಿ
ಗೇಟಿಗೆ ಬಳಿದು ಉಳಿದ ಕೆಂಪು ಹಚ್ಚಿ
ಬಲಪಕ್ಕೆಯೊಳಗೆ ಕೂರಿಸಿದ್ದಾರೆ.
ಸ್ವಲ್ಪ ದಪ್ಪವಾಯಿತು. ಹೊಟ್ಟೆಯ ಮುಚ್ಚಳ ಕೂರುವುದಿಲ್ಲ,
ರಬ್ಬರ್ ಬ್ಯಾಂಡ್ ಹಾಕುತ್ತೇವೆ.

ಹದಿನಾಲ್ಕು ವರ್ಷ ಹೀಗೇ ಪಾಠ ಮಾಡಿದೆ,
ಒಂದೊಂದೇ ಬಿಚ್ಚಿ ಮೇಜಿನ ಮೇಲಿಟ್ಟು.
ಇದು ಹೃದಯ, ನಾಲ್ಕು ಕೋಣೆ. ಇದು ಜಠರ.
ಜುಲೈಗೆ ಪಚನ, ಆಗಸ್ಟಿಗೆ ಉಸಿರಾಟ,
ದಸರಾ ರಜೆ ಮುಗಿದ ಮೇಲೆ ವಿಸರ್ಜನೆ.
ಡಿಸೆಂಬರಿಗೆ ನರವ್ಯೂಹ ಬರುವಷ್ಟರಲ್ಲಿ
ಕಾಫಿ ಕುಯ್ಲು; ಅರ್ಧ ತರಗತಿ ಖಾಲಿ.
ಮೆದುಳಿನ ಪಾಠವನ್ನೇ ಕೇಳದೆ ಪಾಸಾದವರು
ನನ್ನ ಲೆಕ್ಕದಲ್ಲಿ ಎಷ್ಟೋ ಜನ.

ಮೊನ್ನೆ ಮಂಗಳವಾರ ಜೀಪು ಬರಲಿಲ್ಲ.
ತೋಟದ ಒಳದಾರಿ ಹಿಡಿದೆ, ರೋಬಸ್ಟಾ ಸಾಲಿನ ನಡುವೆ.
ಬಾಯಲ್ಲಿನ್ನೂ ಬೆಳಗಿನ ಕಡಂಬಿಟ್ಟಿನ ರುಚಿ,
ತಲೆಯಲ್ಲಿ ಬಿಸಿಯೂಟದ ಬೇಳೆಯ ಲೆಕ್ಕ.

ಕತ್ತಿನ ಹಿಂದೆ ಕೂದಲೆದ್ದಿತು.
ಯಾಕೆಂದು ನನಗೆ ಗೊತ್ತಿಲ್ಲ.
ಕಾಲು ನಿಂತಿತು.
ನಿಲ್ಲು ಎಂದವಳು ನಾನಲ್ಲ.

ಕಂಡದ್ದು ಆಮೇಲೆ:
ಹಲಸಿನ ಬುಡದಲ್ಲಿ ಒಂದು ಕಿವಿ,
ಒಣಹಾಕಿದ ಬೂದು ಕಂಬಳಿ
ತಾನಾಗಿಯೇ ಬೀಸಿಕೊಂಡ ಹಾಗೆ.

ನನ್ನೊಳಗೆ ಪಾಠಗಳ ಕ್ರಮ ಕೆಟ್ಟಿತು.
ಡಿಸೆಂಬರ್ ಜುಲೈಗೆ ಕೂಗಿ ಹೇಳಿತು: ಒಲೆ ಆರಿಸು.
ಕಡಂಬಿಟ್ಟು ಇದ್ದಲ್ಲೇ ನಿಂತಿತು, ಅರ್ಧ ಅರೆದು.
ಬಾಯಿ ಒಣಗಿತು, ಜೊಲ್ಲಿಗೆ ಈಗ ಪುರುಸೊತ್ತಿಲ್ಲ.
ಮೂತ್ರಪಿಂಡಗಳ ನೆತ್ತಿಗೆ ಟೋಪಿಯಂತೆ ಕೂತ,
ಪರೀಕ್ಷೆಗೆ ಎರಡೇ ಅಂಕಕ್ಕೆ ಬರುವ
ಆ ಸಣ್ಣ ಗ್ರಂಥಿಗಳು
ಏನನ್ನೋ ಒಂದು ಚಿಟಿಕೆ ರಕ್ತಕ್ಕೆ ಎಸೆದವು;
ರಕ್ತ ವಿಳಾಸ ಕೇಳದೆ ಮನೆಮನೆಗೆ ಮುಟ್ಟಿಸಿತು.
ಗುಂಡಿಗೆ ಎದೆ ಬಿಟ್ಟು ಕಿವಿಗೆ ಬಂದು ಬಡಿಯಿತು.
ಶ್ವಾಸನಾಳ ತನ್ನ ಕವಲುಗಳನ್ನೆಲ್ಲ ಅಗಲಿಸಿತು.
ಚರ್ಮ ತನ್ನ ಪಾಲಿನ ನೆತ್ತರನ್ನು ತೊಡೆಗೆ ಬಿಟ್ಟುಕೊಟ್ಟು
ತಾನು ತಣ್ಣಗೆ ಬೆವರಿತು.
ಪಿತ್ತಜನಕಾಂಗ (ನಿಜವಾದದ್ದು, ಮರದ್ದಲ್ಲ)
ಕೂಡಿಟ್ಟ ಸಕ್ಕರೆಯ ಕಣಜ ತೆಗೆಯಿತು,
ನನ್ನ ಸಹಿ ಇಲ್ಲದೆ, ಅರ್ಜಿಯ ಮೂರು ಪ್ರತಿ ಇಲ್ಲದೆ.

ಇಷ್ಟೆಲ್ಲ ತಯಾರಿ. ಮಾಡಿದ್ದೇನು?
ನಿಂತೆ.
ಆನೆ ಕಾಲಲ್ಲಿ ಒಂದು ಹಣ್ಣು ಒಡೆದು
ತೊಳೆ ತೊಳೆಯಾಗಿ ತಿಂದು
(ಅದರ ಜಠರ ಯಾರಿಗೂ ಹೆದರಿರಲಿಲ್ಲ)
ಕಂದಕದ ಕಡೆ ಹೋಯಿತು.
ಓಡಲೆಂದು ಬಂದ ಸಕ್ಕರೆ ತೊಡೆಯೊಳಗೆ
ಖರ್ಚಾಗದೆ ನಡುಗುತ್ತಿತ್ತು,
ಶಾಲೆಯ ಗೇಟಿನವರೆಗೂ.

ಆ ದಿನ ಮನುಷ್ಯನನ್ನು ಬಿಚ್ಚಲಿಲ್ಲ.
ನಡೆದದ್ದನ್ನು ನಡೆದ ಹಾಗೇ ಹೇಳಿದೆ.
ಹಾಡಿಯಿಂದ ಬರುವ ಮಾಳಿ,
ವಾರಕ್ಕೆರಡು ಸಲ ಆನೆ ನೋಡುವವಳು, ಕೈಯೆತ್ತಿದಳು:
ಟೀಚರ್, ಮೊದಲು ಹೇಳಿದ್ದು ಯಾರು?
ನೀವು ನೋಡೋಕೆ ಮುಂಚೆನೇ ಕಾಲು ನಿಂತಿತಲ್ಲ?

ಮೆದುಳು ಅಂದೆ.
ಮೆದುಳಿಗೆ ಯಾರು ಹೇಳಿದ್ದು?
ಕಿವಿ ಇರಬೇಕು ಅಂದೆ. ಸದ್ದಿತ್ತಾ? ಇರಲಿಲ್ಲ.
ಚಾಕ್‌ಪೀಸ್ ತಿರುಗಿಸುತ್ತ ನಿಂತೆ,
ಬೋರ್ಡಿನ ಕಡೆ ಮುಖ ಮಾಡಿ.

ಮೂಗು, ಅಂದಳು ಅವಳೇ.
ಹಲಸು ಮರದಲ್ಲೇ ಇದ್ರೆ ಅಷ್ಟು ವಾಸನೆ ಬರಲ್ಲ.
ಒಡೆದಿದ್ರೆ ಬರುತ್ತೆ.
ಒಡೆದಿದ್ರೆ, ಒಡೆದವರು ಅಲ್ಲೇ ಇರ್ತಾರೆ.

ಮೂರು ಗಂಟೆಯ ಪೀರಿಯಡ್ಡಿನಲ್ಲಿ
ನನ್ನ ಹೊಟ್ಟೆ ಗುರ್ರೆಂದಿತು, ಇಡೀ ತರಗತಿಗೆ ಕೇಳಿಸಿತು.
ಒಲೆ ಮತ್ತೆ ಹತ್ತಿಸಿದ್ದರು ಒಳಗಿನವರು.
ಮಕ್ಕಳು ನಕ್ಕರು. ನಾನೂ.

ಬೀಗ ಹಾಕುವಾಗ ಸೈದಾಲಿಕ್ಕ ಕೇಳಿದರು:
ಆ ಮರದ ತುಂಡು ಸ್ವಲ್ಪ ಉಜ್ಜಿ ಸಣ್ಣ ಮಾಡ್ಲಾ ಟೀಚರೇ?
ಬೇಡ ಅಂದೆ. ದಪ್ಪಗೇ ಇರಲಿ.
ಒಳಗೇನಾದರೂ ಕೂಡಿಟ್ಟಿರಬಹುದು.